ಮನೆಬಳಕೆಯ ‘ಬ್ಯಾಕ್ಟೀರಿಯಾ ನಾಶಕ’ ವಸ್ತುಗಳು: ಆರೋಗ್ಯ, ಮಣ್ಣು ಮತ್ತು ನೀರಿನ ಮೇಲಾಗುವ ಪರಿಣಾಮಗಳು

ಮುಂಗಾರು ಬಿತ್ತನೆಗೆ ಮುನ್ನ ತೊಗರಿ, ಹೆಸರು, ಸೋಯಾ ಅವರೆ, ಶೇಂಗಾ ಬೀಜಗಳಿಗೆ ಬೆಲ್ಲದ ಪಾಕದೊಡನೆ ರೈಜೋಬಿಯಂ ಲೇಪಿಸಿ ನೆರಳಿನಲ್ಲಿ ಒಣಗಿಸುವುದು ನಮ್ಮ ರೈತ ಬಾಂಧವರಿಗೆ ಪರಿಚಿತವಾದ ಪದ್ಧತಿ. ರಂಜಕ ಕರಗಿಸುವ ಬ್ಯಾಕ್ಟೀರಿಯಾ, ಅಜೋಸ್ಪೈರಿಲಂ, ಟ್ರೈಕೋಡರ್ಮಾ ಮುಂತಾದ ಸೂಕ್ಷ್ಮಾಣು ಜೀವಿಗಳನ್ನು ನಾವು ಹಣ ಕೊಟ್ಟು ತಂದು ಮಣ್ಣಿಗೆ ಸೇರಿಸುತ್ತೇವೆ. ಅದೇ ದಿನ ಅದೇ ಪೇಟೆಯ ಕಿರಾಣಿ ಅಂಗಡಿಯಲ್ಲಿ ‘ಶೇಕಡಾ 99.9ರಷ್ಟು ರೋಗಾಣುಗಳನ್ನು ಕೊಲ್ಲುತ್ತದೆ’ ಎಂದು ಬರೆದಿರುವ ಸಾಬೂನು, ನೆಲ ಒರೆಸುವ ದ್ರಾವಣ ಮತ್ತು ಬಟ್ಟೆ ತೊಳೆಯುವ ದ್ರವವನ್ನೂ ಕೊಳ್ಳುತ್ತೇವೆ. ಇವುಗಳನ್ನು ಬಳಸಿದ ನೀರು ಬಚ್ಚಲಿನಿಂದ ಹೊರಟು ಕೊನೆಗೆ ಸೇರುವುದು ಕೈತೋಟ, ತಿಪ್ಪೆ, ಹಳ್ಳ ಅಥವಾ ಕೆರೆಗೆ. ಸೂಕ್ಷ್ಮಾಣುಗಳನ್ನು ಕೊಲ್ಲಲೆಂದೇ ತಯಾರಾದ ರಾಸಾಯನಿಕವು ಸೂಕ್ಷ್ಮಾಣುಗಳಿಂದಲೇ ಬದುಕುವ ಮಣ್ಣನ್ನು ತಲುಪಿದಾಗ ಏನಾಗುತ್ತದೆ? ಮನೆಯಲ್ಲಿ ಇಂತಹ ವಸ್ತುಗಳ ಅಗತ್ಯ ಎಷ್ಟಿದೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ನೀಡುವುದು ಈ ಲೇಖನದ ಉದ್ದೇಶ.

ಮುಖ್ಯಾಂಶಗಳು

• ಆರೋಗ್ಯವಂತರಿರುವ ಮನೆಯಲ್ಲಿ ಸಾಮಾನ್ಯ ಸಾಬೂನು ಮತ್ತು ನೀರು ಕೈ ಶುಚಿತ್ವಕ್ಕೆ ಸಾಕು.
• ಬ್ಯಾಕ್ಟೀರಿಯಾ ನಾಶಕ ರಾಸಾಯನಿಕಗಳಲ್ಲಿ ಕೆಲವು ನೀರು, ಕೆಸರು ಮತ್ತು ಮಣ್ಣಿನಲ್ಲಿ ಬಹುಕಾಲ ಉಳಿಯುತ್ತವೆ.
• ಸೋಂಕುನಿವಾರಕಗಳನ್ನು ನಿಜವಾದ ಅಗತ್ಯವಿರುವ ಕಡೆ ಮಾತ್ರ, ಸರಿಯಾದ ಪ್ರಮಾಣದಲ್ಲಿ ಬಳಸಬೇಕು.
• ಕುಡಿಯುವ ನೀರಿಗೆ ಕ್ಲೋರಿನ್ ಸೇರಿಸುವುದನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು.

ಬ್ಯಾಕ್ಟೀರಿಯಾ ನಾಶಕ ವಸ್ತುಗಳು ಯಾವುವು?

ಸಾಬೂನು, ಕೈತೊಳೆಯುವ ದ್ರವ, ಹಲ್ಲುಜ್ಜುವ ಪೇಸ್ಟ್, ತರಕಾರಿ ಕತ್ತರಿಸುವ ಹಲಗೆ, ಕಾಲುಚೀಲ, ಒಳ ಉಡುಪು ಮುಂತಾದ ಅನೇಕ ವಸ್ತುಗಳಿಗೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಅಥವಾ ಅವುಗಳ ಬೆಳವಣಿಗೆಯನ್ನು ತಡೆಯುವ ರಾಸಾಯನಿಕವನ್ನು ಸೇರಿಸಿರುತ್ತಾರೆ. ಇವುಗಳಲ್ಲಿ ಮುಖ್ಯವಾದವು ಹೀಗಿವೆ:

1. ಟ್ರೈಕ್ಲೋಸಾನ್ ಮತ್ತು ಟ್ರೈಕ್ಲೋಕಾರ್ಬನ್: ಇವು ಕ್ಲೋರಿನ್ ಹೊಂದಿರುವ ಸಾವಯವ ಸಂಯುಕ್ತಗಳು. ಟ್ರೈಕ್ಲೋಸಾನ್ 1960ರ ದಶಕದಲ್ಲಿ ರೂಪುಗೊಂಡು, 1970ರ ದಶಕದಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರು ಕೈ ತೊಳೆಯುವ ದ್ರಾವಣವಾಗಿ ಆಸ್ಪತ್ರೆಗಳನ್ನು ಪ್ರವೇಶಿಸಿತು. ಅನಂತರ ಮನೆಬಳಕೆಯ ವಸ್ತುಗಳಿಗೂ ಹರಡಿತು.
2. ಕ್ಲೋರೋಕ್ಸೈಲೆನಾಲ್: ಗಾಯ ತೊಳೆಯುವ, ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ ದ್ರಾವಣಗಳಲ್ಲಿ ಸಾಮಾನ್ಯವಾಗಿ ಇರುವ ರಾಸಾಯನಿಕ.
3. ಬೆಂಜಾಲ್ಕೋನಿಯಂ ಕ್ಲೋರೈಡ್ ಮತ್ತು ಅದೇ ಗುಂಪಿನ ಚತುರ್ಥಕ ಅಮೋನಿಯಂ ಸಂಯುಕ್ತಗಳು: ನೆಲ ಒರೆಸುವ ಹಾಗೂ ಶೌಚಾಲಯ ತೊಳೆಯುವ ಹಲವು ದ್ರಾವಣಗಳಲ್ಲಿ ಇವು ಇರುತ್ತವೆ.
4. ಬೆಳ್ಳಿಯ ಅತಿಸೂಕ್ಷ್ಮ ಕಣಗಳು: ಇವನ್ನು ‘ನ್ಯಾನೋ ಬೆಳ್ಳಿ’ ಎನ್ನುತ್ತಾರೆ. ದುರ್ವಾಸನೆ ಬಾರದಂತೆ ಕಾಲುಚೀಲ, ಕ್ರೀಡಾ ಉಡುಪುಗಳಲ್ಲಿಯೂ ನೀರಿನ ಶೋಧಕಗಳಲ್ಲಿಯೂ ಬಳಸುತ್ತಾರೆ.

ಸಾಮಾನ್ಯ ಸಾಬೂನು ಹೇಗೆ ಕೆಲಸ ಮಾಡುತ್ತದೆ?

ಸಾಬೂನಿನ ಅಣುವಿಗೆ ಎರಡು ತುದಿಗಳಿವೆ. ಒಂದು ತುದಿ ನೀರನ್ನೂ ಮತ್ತೊಂದು ತುದಿ ಎಣ್ಣೆ-ಜಿಡ್ಡನ್ನೂ ಹಿಡಿಯುತ್ತದೆ. ಕೈಯ ಮೇಲಿನ ರೋಗಾಣುಗಳು ಬಹುಮಟ್ಟಿಗೆ ಚರ್ಮದ ಜಿಡ್ಡು ಮತ್ತು ಕೊಳೆಗೆ ಅಂಟಿಕೊಂಡಿರುತ್ತವೆ. ಸಾಬೂನು ಹಚ್ಚಿ ಉಜ್ಜಿದಾಗ ಜಿಡ್ಡು ಸಡಿಲವಾಗಿ, ಅದರೊಡನೆ ರೋಗಾಣುಗಳೂ ನೀರಿನಲ್ಲಿ ಕೊಚ್ಚಿಹೋಗುತ್ತವೆ. ಕೊರೊನಾ, ಇನ್‌ಫ್ಲುಯೆಂಜಾದಂತಹ ಕೊಬ್ಬಿನ ಹೊದಿಕೆಯುಳ್ಳ ವೈರಸ್‌ಗಳ ಹೊರಕವಚವನ್ನೂ ಸಾಬೂನು ಒಡೆಯುತ್ತದೆ. ಅಂದರೆ ಸಾಬೂನಿನ ಮುಖ್ಯ ಕೆಲಸ ಕೊಲ್ಲುವುದಲ್ಲ, ಕಳಚಿ ತೊಳೆಯುವುದು. ಇದಕ್ಕೆ ಬೇಕಾದುದು 20 ಸೆಕೆಂಡುಗಳ ಕಾಲ ಚೆನ್ನಾಗಿ ಉಜ್ಜುವಿಕೆ ಮತ್ತು ಹರಿಯುವ ನೀರು.

‘99.9 ಶೇಕಡಾ’ ಎಂಬ ಅಂಕಿಯ ಅರ್ಥವನ್ನು ತಿಳಿದುಕೊಳ್ಳುವುದೂ ಅವಶ್ಯ. ಇದು ಪ್ರಯೋಗಾಲಯದಲ್ಲಿ ಆಯ್ದ ಕೆಲವು ಬ್ಯಾಕ್ಟೀರಿಯಾಗಳ ಮೇಲೆ ನಿಗದಿತ ಸಮಯದವರೆಗೆ ನಡೆಸಿದ ಪರೀಕ್ಷೆಯ ಫಲಿತಾಂಶ. ಹತ್ತು ಲಕ್ಷ ಬ್ಯಾಕ್ಟೀರಿಯಾಗಳಲ್ಲಿ ಶೇ. 99.9ರಷ್ಟು ಸತ್ತರೂ ಒಂದು ಸಾವಿರ ಉಳಿದಿರುತ್ತವೆ. ಅಲ್ಲದೆ ನಾವು ಕೈ ತೊಳೆಯುವ ಅಲ್ಪ ಸಮಯದಲ್ಲಿ ರಾಸಾಯನಿಕಕ್ಕೆ ಕೆಲಸ ಮಾಡಲು ಅವಕಾಶವೇ ಸಿಗುವುದಿಲ್ಲ. ದಕ್ಷಿಣ ಕೊರಿಯಾದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇ. 0.3ರಷ್ಟು ಟ್ರೈಕ್ಲೋಸಾನ್ ಇದ್ದ ಸಾಬೂನು ಮತ್ತು ಸಾಮಾನ್ಯ ಸಾಬೂನುಗಳನ್ನು 20 ಬಗೆಯ ಬ್ಯಾಕ್ಟೀರಿಯಾಗಳ ಮೇಲೆ ಹೋಲಿಸಿದಾಗ, 20 ಸೆಕೆಂಡುಗಳ ಸಂಪರ್ಕದಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ವ್ಯತ್ಯಾಸ ಕಾಣಿಸಿಕೊಂಡಿದ್ದು ಸುಮಾರು ಒಂಬತ್ತು ಗಂಟೆಗಳ ಸಂಪರ್ಕದ ನಂತರ.

ಹೆಚ್ಚುವರಿ ಪ್ರಯೋಜನವಿದೆಯೇ?

ಈ ವಿಷಯದಲ್ಲಿ ನಮ್ಮ ಪರಿಸ್ಥಿತಿಗೆ ಹತ್ತಿರವಾದ ಪ್ರಮುಖ ಅಧ್ಯಯನವೊಂದು ಪಾಕಿಸ್ತಾನದ ಕರಾಚಿಯ ಬಡ ಬಡಾವಣೆಗಳಲ್ಲಿ ನಡೆದು, 2005ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೆಲವು ಬಡಾವಣೆಗಳ ಕುಟುಂಬಗಳಿಗೆ ಸಾಬೂನು ಕೊಟ್ಟು ಕೈ ತೊಳೆಯುವ ಅಭ್ಯಾಸವನ್ನು ವಾರವಾರವೂ ಪ್ರೋತ್ಸಾಹಿಸಲಾಯಿತು. ಈ ಮನೆಗಳಲ್ಲಿ ಐದು ವರ್ಷದೊಳಗಿನ ಮಕ್ಕಳ ನ್ಯುಮೋನಿಯಾ ಶೇ. 50ರಷ್ಟೂ, 15 ವರ್ಷದೊಳಗಿನ ಮಕ್ಕಳ ಅತಿಸಾರ ಭೇದಿ ಶೇ. 53ರಷ್ಟೂ ಕಡಿಮೆಯಾದವು. ಕೆಲವು ಮನೆಗಳಿಗೆ ಟ್ರೈಕ್ಲೋಕಾರ್ಬನ್ ಇದ್ದ ಸಾಬೂನು, ಉಳಿದವಕ್ಕೆ ಸಾಮಾನ್ಯ ಸಾಬೂನು ನೀಡಲಾಗಿತ್ತು. ಈ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಇರಲಿಲ್ಲ. ಮಕ್ಕಳನ್ನು ಕಾಪಾಡಿದ್ದು ಕೈ ತೊಳೆಯುವ ಅಭ್ಯಾಸವೇ ಹೊರತು ಸಾಬೂನಿಗೆ ಬೆರೆಸಿದ ರಾಸಾಯನಿಕವಲ್ಲ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2016ರ ಸೆಪ್ಟೆಂಬರ್‌ನಲ್ಲಿ ಟ್ರೈಕ್ಲೋಸಾನ್ ಮತ್ತು ಟ್ರೈಕ್ಲೋಕಾರ್ಬನ್ ಸೇರಿದಂತೆ 19 ರಾಸಾಯನಿಕಗಳನ್ನು ಜನಸಾಮಾನ್ಯರು ಬಳಸುವ ಬ್ಯಾಕ್ಟೀರಿಯಾ ನಾಶಕ ಸಾಬೂನುಗಳಲ್ಲಿ ಬಳಸದಂತೆ ನಿಷೇಧಿಸಿತು. ಸಾಮಾನ್ಯ ಸಾಬೂನಿಗಿಂತ ಇವು ಹೆಚ್ಚು ಪರಿಣಾಮಕಾರಿ ಎಂಬುದನ್ನಾಗಲಿ, ಪ್ರತಿದಿನ ದೀರ್ಘಕಾಲ ಬಳಸಿದರೆ ಸುರಕ್ಷಿತ ಎಂಬುದನ್ನಾಗಲಿ ತಯಾರಕರು ಸಾಬೀತುಪಡಿಸಿಲ್ಲ ಎಂಬುದು ಅದು ನೀಡಿದ ಕಾರಣ. ಮಾನವ ನೈರ್ಮಲ್ಯದ ಜೀವನಾಶಕ ಉತ್ಪನ್ನಗಳಲ್ಲಿ ಟ್ರೈಕ್ಲೋಸಾನ್ ಬಳಕೆಗೆ ಯುರೋಪಿಯನ್ ಒಕ್ಕೂಟವೂ ಅದೇ ವರ್ಷ ಅನುಮೋದನೆ ನಿರಾಕರಿಸಿತು. 2017ರಲ್ಲಿ 200ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ವೈದ್ಯರು ‘ಫ್ಲಾರೆನ್ಸ್ ಹೇಳಿಕೆ’ ಎಂಬ ದಾಖಲೆಗೆ ಸಹಿ ಹಾಕಿ, ಈ ಎರಡು ರಾಸಾಯನಿಕಗಳ ಅನಗತ್ಯ ಬಳಕೆಯನ್ನು ತಗ್ಗಿಸುವಂತೆ ಕರೆ ನೀಡಿದರು.

ಆರೋಗ್ಯದ ದೃಷ್ಟಿಯಿಂದ ಇರುವ ಆತಂಕಗಳು

ಟ್ರೈಕ್ಲೋಸಾನ್ ಚರ್ಮ ಮತ್ತು ಬಾಯಿಯ ಮೂಲಕ ದೇಹವನ್ನು ಸೇರುತ್ತದೆ. ಅಮೆರಿಕದಲ್ಲಿ 2003-04ರಲ್ಲಿ ಸಂಗ್ರಹಿಸಿದ ಮೂತ್ರದ ಮಾದರಿಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಭಾಗದಲ್ಲಿ ಇದು ಪತ್ತೆಯಾಯಿತು. ತಾಯಿಯ ಎದೆಹಾಲಿನಲ್ಲಿಯೂ ಕಂಡುಬಂದಿದೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಇದು ಥೈರಾಯ್ಡ್ ಹಾರ್ಮೋನಿನ ಪ್ರಮಾಣವನ್ನು ತಗ್ಗಿಸಿದೆ. ಪ್ರಾಣಿಗಳಲ್ಲಿ ಕಂಡ ಪರಿಣಾಮ ಮನುಷ್ಯರಲ್ಲಿಯೂ ಅಷ್ಟೇ ಪ್ರಮಾಣದಲ್ಲಿ ಆಗುತ್ತದೆ ಎಂದು ಇದರ ಅರ್ಥವಲ್ಲ. ಆದರೆ ಹೆಚ್ಚುವರಿ ಲಾಭವಿಲ್ಲದ ವಸ್ತುವಿಗಾಗಿ ಅಲ್ಪ ಅಪಾಯವನ್ನಾದರೂ ಏಕೆ ಹೊರಬೇಕು ಎಂಬುದೇ ಇಲ್ಲಿನ ಪ್ರಶ್ನೆ.

ಎರಡನೆಯ ಆತಂಕ ಔಷಧ ನಿರೋಧಕತೆಯದು. ಟ್ರೈಕ್ಲೋಸಾನ್ ಎಲ್ಲ ಜೀವಕೋಶಗಳನ್ನೂ ಒಂದೇ ಸಮನೆ ಸುಡುವ ವಿಷ ಎಂದು ಮೊದಲು ಭಾವಿಸಲಾಗಿತ್ತು. ಆದರೆ ಕಡಿಮೆ ಪ್ರಮಾಣದಲ್ಲಿ ಅದು ಬ್ಯಾಕ್ಟೀರಿಯಾಗಳ ಕೊಬ್ಬಿನಾಮ್ಲ ತಯಾರಿಕೆಗೆ ಬೇಕಾದ ಒಂದು ನಿರ್ದಿಷ್ಟ ಕಿಣ್ವವನ್ನು ತಡೆಯುತ್ತದೆ ಎಂಬುದನ್ನು 1998ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾನಿಲಯದ ಸ್ಟುವರ್ಟ್ ಲೆವಿ ಅವರ ತಂಡ ತೋರಿಸಿತು. ಕ್ಷಯರೋಗಕ್ಕೆ ಕೊಡುವ ಐಸೋನಿಯಾಜಿಡ್ ಔಷಧವೂ ಇದೇ ಬಗೆಯ ಕಿಣ್ವದ ಮೇಲೆಯೇ ಕೆಲಸ ಮಾಡುತ್ತದೆ. ಕೀಟನಾಶಕವನ್ನು ಪದೇ ಪದೇ ಕಡಿಮೆ ಪ್ರಮಾಣದಲ್ಲಿ ಸಿಂಪಡಿಸಿದರೆ ಕೀಟಗಳು ಅದಕ್ಕೆ ಒಗ್ಗಿಕೊಳ್ಳುವುದನ್ನು ನೀವು ನಿಮ್ಮ ಹೊಲದಲ್ಲಿಯೇ ಕಂಡಿದ್ದೀರಿ. ಬ್ಯಾಕ್ಟೀರಿಯಾಗಳಲ್ಲಿಯೂ ಅದೇ ನಡೆಯುತ್ತದೆ. ಚರಂಡಿ ಮತ್ತು ಕೆಸರಿನಲ್ಲಿ ಅಲ್ಪ ಪ್ರಮಾಣದ ರಾಸಾಯನಿಕದೊಡನೆ ಸದಾ ಬದುಕುವ ಬ್ಯಾಕ್ಟೀರಿಯಾಗಳು ಅದನ್ನು ತಾಳಿಕೊಳ್ಳುವ ಶಕ್ತಿ ಪಡೆಯುತ್ತವೆ. ಕೆಲವೊಮ್ಮೆ ಅದೇ ಶಕ್ತಿಯು ಪ್ರತಿಜೈವಿಕ ಔಷಧಗಳನ್ನೂ ತಾಳಿಕೊಳ್ಳಲು ನೆರವಾಗುತ್ತದೆ. ಭಾರತವು ಔಷಧ ನಿರೋಧಕತೆಯ ವಿರುದ್ಧ 2017ರಲ್ಲಿ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು ರೂಪಿಸಿತು. 2019ರಲ್ಲಿ ಕೋಳಿ, ಜಾನುವಾರು ಮತ್ತು ಮೀನು ಸಾಕಣೆಯಲ್ಲಿ ಕೊಲಿಸ್ಟಿನ್ ಬಳಕೆಯನ್ನು ನಿಷೇಧಿಸಿತು. ಕೊಟ್ಟಿಗೆಯಲ್ಲಿ ನಾವು ವಹಿಸುವ ಈ ಎಚ್ಚರ ಬಚ್ಚಲಿನಲ್ಲಿಯೂ ಇರಬೇಕಾದುದು ಸಹಜ.

ಬಚ್ಚಲಿನಿಂದ ಹೊಲಕ್ಕೆ

ಕೊಳಚೆ ನೀರಿನ ಶುದ್ಧೀಕರಣ ಘಟಕಗಳನ್ನು ಮುಖ್ಯವಾಗಿ ಸಾವಯವ ಕಲ್ಮಶ ತೆಗೆಯಲು ನಿರ್ಮಿಸಲಾಗಿದೆ. ಟ್ರೈಕ್ಲೋಸಾನ್ ಮತ್ತು ಟ್ರೈಕ್ಲೋಕಾರ್ಬನ್ ನೀರಿಗಿಂತ ಜಿಡ್ಡು ಹಾಗೂ ಸಾವಯವ ಪದಾರ್ಥಗಳಿಗೆ ಹೆಚ್ಚು ಅಂಟಿಕೊಳ್ಳುವುದರಿಂದ ಅವುಗಳ ದೊಡ್ಡ ಪಾಲು ಕೆಸರಿನಲ್ಲಿ ಉಳಿಯುತ್ತದೆ. ಅಮೆರಿಕದ ಶುದ್ಧೀಕರಣ ಘಟಕವೊಂದರಲ್ಲಿ ನಡೆಸಿದ ಲೆಕ್ಕಾಚಾರದಲ್ಲಿ ಒಳಬಂದ ಟ್ರೈಕ್ಲೋಕಾರ್ಬನ್‌ನ ಸುಮಾರು ಮುಕ್ಕಾಲು ಭಾಗ ಕೆಸರಿನಲ್ಲಿ ದೊರೆಯಿತು. ಗಾಳಿಯಾಡುವ ಮಣ್ಣಿನಲ್ಲಿ ಟ್ರೈಕ್ಲೋಸಾನ್ ಕ್ರಮೇಣ ವಿಘಟನೆಯಾಗುತ್ತದೆ; ಗಾಳಿಯಿಲ್ಲದ ಕೆಸರಿನಲ್ಲಿ ಬಹಳ ನಿಧಾನವಾಗಿ ಕರಗುತ್ತದೆ.

ಕೆಸರನ್ನು ಗೊಬ್ಬರವಾಗಿ ಬಳಸಿದ ಜಮೀನಿನ ಎರೆಹುಳುಗಳ ದೇಹದಲ್ಲಿ ಟ್ರೈಕ್ಲೋಸಾನ್ ಇರುವುದನ್ನು ಅಮೆರಿಕದ ಸಂಶೋಧಕರು 2008ರಲ್ಲಿ ವರದಿ ಮಾಡಿದರು. 2010ರ ಹಸಿರುಮನೆ ಪ್ರಯೋಗದಲ್ಲಿ ಸೋಯಾ ಅವರೆ ಗಿಡಗಳು ಟ್ರೈಕ್ಲೋಸಾನ್ ಮತ್ತು ಟ್ರೈಕ್ಲೋಕಾರ್ಬನ್ ಎರಡನ್ನೂ ಮಣ್ಣಿನಿಂದ ಹೀರಿಕೊಂಡವು. ಸಾಕಷ್ಟು ಪ್ರಮಾಣದಲ್ಲಿ ಸೇರಿದಾಗ ಟ್ರೈಕ್ಲೋಸಾನ್ ಕೆಲವು ಮಣ್ಣುಗಳಲ್ಲಿ ಸಾರಜನಕದ ಚಕ್ರಕ್ಕೆ ಅಡ್ಡಿಪಡಿಸಬಲ್ಲದು ಎಂಬುದನ್ನು ಆಸ್ಟ್ರೇಲಿಯಾದ ಅಧ್ಯಯನ ತಿಳಿಸಿದೆ. ನಾವು ಹಾಕುವ ಯೂರಿಯಾ ಮತ್ತು ಕೊಟ್ಟಿಗೆ ಗೊಬ್ಬರದ ಸಾರಜನಕವು ಬೆಳೆಗೆ ದೊರೆಯುವ ರೂಪಕ್ಕೆ ಬದಲಾಗುವುದು ಸೂಕ್ಷ್ಮಾಣುಗಳಿಂದಲೇ. ನೀರಿನಲ್ಲಿ ಈ ರಾಸಾಯನಿಕವು ಪಾಚಿಗಳಿಗೆ ಅತ್ಯಂತ ವಿಷಕಾರಿ. ಪಾಚಿ ಕೆರೆಯ ಆಹಾರ ಸರಪಳಿಯ ಮೊದಲ ಕೊಂಡಿ.

ಇದು ದೂರದ ದೇಶಗಳ ಸಮಸ್ಯೆ ಮಾತ್ರವಲ್ಲ. ತಮಿಳುನಾಡಿನಲ್ಲಿ ಕಾವೇರಿ, ವೆಳ್ಳಾರು ಮತ್ತು ತಾಮ್ರಪರ್ಣಿ ನದಿಗಳ ನೀರನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಟ್ರೈಕ್ಲೋಸಾನ್ ಪತ್ತೆಯಾಯಿತು. ನಮ್ಮ ರಾಜ್ಯದಲ್ಲಿ 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಶುದ್ಧೀಕರಿಸಿದ ನೀರು ಕೋಲಾರದ ಕೆರೆಗಳನ್ನು ತುಂಬುತ್ತಿದೆ. ಇದು ದಿನಕ್ಕೆ 440 ದಶಲಕ್ಷ ಲೀಟರ್ ನೀರು ಹರಿಸುವ ಉದ್ದೇಶದ ಯೋಜನೆ. ಬೆಂಗಳೂರಿನ ಸುತ್ತಮುತ್ತ ಶೌಚಗುಂಡಿಗಳ ಕೆಸರನ್ನು ಟ್ಯಾಂಕರ್‌ಗಳಿಂದ ಪಡೆದು ಜಮೀನಿಗೆ ಹಾಕುವ ರೂಢಿಯೂ ಇದೆ. ನಗರದ ನೀರು ಮತ್ತು ಪೋಷಕಾಂಶಗಳು ಕೃಷಿಗೆ ಮರಳುವುದು ಒಳ್ಳೆಯದೇ. ಆದರೆ ನಗರದ ಬಚ್ಚಲಿನಲ್ಲಿ ಬಳಸುವ ವಸ್ತುವಿಗೂ ಹಳ್ಳಿಯ ಹೊಲಕ್ಕೂ ಈಗ ನೇರ ಸಂಬಂಧವಿದೆ ಎಂಬುದನ್ನು ಮರೆಯುವಂತಿಲ್ಲ.

ಬೆಳ್ಳಿಯ ವಿಷಯವೂ ಇಂತಹುದೇ. ಅಮೆರಿಕದ ಅರಿಜೋನಾ ರಾಜ್ಯ ವಿಶ್ವವಿದ್ಯಾನಿಲಯದ ಸಂಶೋಧಕರು 2008ರಲ್ಲಿ ನ್ಯಾನೋ ಬೆಳ್ಳಿ ಹೊಂದಿದ ಕಾಲುಚೀಲಗಳನ್ನು ಒಗೆದು ಪರೀಕ್ಷಿಸಿದಾಗ, ಕೆಲವು ಕಾಲುಚೀಲಗಳಿಂದ ನಾಲ್ಕೇ ಒಗೆತಗಳಲ್ಲಿ ಬಹುತೇಕ ಬೆಳ್ಳಿ ನೀರಿಗೆ ಸೇರಿತ್ತು. ಚರಂಡಿಯಲ್ಲಿ ಬೆಳ್ಳಿ ಗಂಧಕದೊಡನೆ ಕೂಡಿ ಬಹುಮಟ್ಟಿಗೆ ನಿಷ್ಕ್ರಿಯವಾಗುತ್ತದೆಯಾದರೂ, ಲೋಹವಾದ ಕಾರಣ ಅದು ವಿಘಟನೆಯಾಗಿ ಇಲ್ಲವಾಗುವುದಿಲ್ಲ. ಕೊಂಡವರಿಗೆ ಕೆಲವೇ ದಿನಗಳ ಲಾಭ. ಮಣ್ಣಿಗೆ ಶಾಶ್ವತ ಶೇಷ.

ಸೋಂಕುನಿವಾರಕಗಳು ಎಲ್ಲಿ ಅವಶ್ಯ?

ಈ ವಿವರಣೆಯಿಂದ ಎಲ್ಲ ಸೋಂಕುನಿವಾರಕಗಳೂ ತ್ಯಾಜ್ಯ ಎಂದು ತಿಳಿಯಬಾರದು. ಕೆಳಗಿನ ಸಂದರ್ಭಗಳಲ್ಲಿ ಅವು ಅನಿವಾರ್ಯ:

• ಕುಡಿಯುವ ನೀರಿನ ಟ್ಯಾಂಕ್ ಮತ್ತು ಬಾವಿಗೆ ಶಿಫಾರಸು ಮಾಡಿದ ಪ್ರಮಾಣದಲ್ಲಿ ಬ್ಲೀಚಿಂಗ್ ಪುಡಿ.
• ಹಾಲು ಕರೆದ ನಂತರ ಕೆಚ್ಚಲು ಬಾವು ತಡೆಯಲು ಅಯೋಡಿನ್ ದ್ರಾವಣದಲ್ಲಿ ಮೊಲೆತೊಟ್ಟುಗಳನ್ನು ಅದ್ದುವುದು.
• ಗಾಯ, ಹೆರಿಗೆ, ಶಸ್ತ್ರಚಿಕಿತ್ಸೆ ಹಾಗೂ ಸಾಂಕ್ರಾಮಿಕ ರೋಗಿಗಳ ಆರೈಕೆಯಲ್ಲಿ ವೈದ್ಯರು ಸೂಚಿಸಿದ ದ್ರಾವಣ.
• ಜಾನುವಾರು ಅಥವಾ ಕೋಳಿಗಳಲ್ಲಿ ಸಾಂಕ್ರಾಮಿಕ ರೋಗ ಕಾಣಿಸಿದಾಗ ಪಶುವೈದ್ಯರ ಸಲಹೆಯಂತೆ ಕೊಟ್ಟಿಗೆಯ ಶುದ್ಧೀಕರಣ.
• ನೀರು ದೊರೆಯದ ಕಡೆ ಮದ್ಯಸಾರ ಆಧಾರಿತ ಕೈ ಶುಚಿಕಾರಕ. ಮದ್ಯಸಾರ ಬೇಗ ಆವಿಯಾಗುವುದರಿಂದ ಮಣ್ಣಿನಲ್ಲಿ ಉಳಿಯುವುದಿಲ್ಲ.

ರೈತ ಕುಟುಂಬಗಳು ಅನುಸರಿಸಬೇಕಾದ ಕ್ರಮಗಳು

ಕೊಳ್ಳುವಾಗ: ಸಾಬೂನಿನ ಹೊದಿಕೆಯ ಮೇಲೆ ಟ್ರೈಕ್ಲೋಸಾನ್, ಟ್ರೈಕ್ಲೋಕಾರ್ಬನ್ ಅಥವಾ ಟಿ.ಸಿ.ಸಿ. ಎಂಬ ಹೆಸರಿದೆಯೇ ನೋಡಿ. ಓದಲು ಕಷ್ಟವಾದರೆ ಶಾಲೆಗೆ ಹೋಗುವ ಮಕ್ಕಳ ನೆರವು ಪಡೆಯಿರಿ. ಸಾಬೂನಿನ ಗುಣಮಟ್ಟವನ್ನು ‘ರೋಗಾಣು ನಾಶಕ’ ಎಂಬ ಘೋಷಣೆಯಿಂದ ಅಳೆಯದೆ ಅದರಲ್ಲಿರುವ ಒಟ್ಟು ಕೊಬ್ಬಿನ ಅಂಶದಿಂದ, ಅಂದರೆ ಹೊದಿಕೆಯ ಮೇಲೆ ಬರೆದಿರುವ ಟಿ.ಎಫ್.ಎಂ. ಅಂಕಿಯಿಂದ ಅಳೆಯಿರಿ. ಭಾರತೀಯ ಮಾನಕದ ಪ್ರಕಾರ ಒಂದನೆಯ ದರ್ಜೆಯ ಮೈಸಾಬೂನಿನಲ್ಲಿ ಇದು ಕನಿಷ್ಠ ಶೇ. 76, ಎರಡನೆಯ ದರ್ಜೆಯಲ್ಲಿ ಶೇ. 70, ಮೂರನೆಯ ದರ್ಜೆಯಲ್ಲಿ ಶೇ. 60 ಇರಬೇಕು.

ಬಚ್ಚಲ ನೀರು: ಬಚ್ಚಲ ನೀರನ್ನು ಬಾಳೆ, ತೆಂಗು, ಕಾಬಾಳೆಯಂತಹ ಗಿಡಗಳ ಬುಡಕ್ಕೆ ಅಥವಾ ಬಚ್ಚಲು ಗುಂಡಿಗೆ ಹರಿಸಿ. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿ, ಗಜ್ಜರಿಗಳಿಗೆ ನೇರವಾಗಿ ಬಿಡಬೇಡಿ. ಶೌಚಾಲಯ ತೊಳೆಯುವ ಆಮ್ಲ, ಫಿನಾಯಿಲ್ ಬಳಸಿದ ನೀರನ್ನು ಈ ನೀರಿಗೆ ಸೇರಿಸಬಾರದು. ಸಾಮಾನ್ಯ ಸಾಬೂನಿನ ನೀರಿನಲ್ಲಿಯೂ ಸೋಡಿಯಂ ಇರುವುದರಿಂದ ಒಂದೇ ಜಾಗಕ್ಕೆ ವರ್ಷವಿಡೀ ಹರಿಸದೆ ಸ್ಥಳ ಬದಲಾಯಿಸುತ್ತಿರಿ. ಎರೆ ಮಣ್ಣಿನಲ್ಲಿ ಇದು ವಿಶೇಷವಾಗಿ ಮುಖ್ಯ.

ಗೋಬರ್ ಅನಿಲ ಘಟಕ ಮತ್ತು ಶೌಚಗುಂಡಿ: ಇವೆರಡೂ ನಡೆಯುವುದು ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಾಣುಗಳಿಂದ. ಫಿನಾಯಿಲ್ ಅಥವಾ ಸೋಂಕುನಿವಾರಕ ಬಳಸಿ ತೊಳೆದ ಕೊಟ್ಟಿಗೆಯ ನೀರನ್ನು ಅನಿಲ ಘಟಕಕ್ಕೆ ಬಿಟ್ಟರೆ ಅನಿಲದ ಉತ್ಪಾದನೆ ಕುಗ್ಗುತ್ತದೆ. ಅಂತಹ ನೀರಿಗೆ ಪ್ರತ್ಯೇಕ ಕಾಲುವೆ ಮಾಡಿ. ಅನಿಲ ಕಡಿಮೆಯಾಗಿದೆ ಎಂದು ದೂರುವ ಮುನ್ನ ಕೊಟ್ಟಿಗೆಯನ್ನು ಯಾವುದರಿಂದ ತೊಳೆಯಲಾಗುತ್ತಿದೆ ಎಂಬುದನ್ನು ಪರಿಶೀಲಿಸಿ.

ಕೊಟ್ಟಿಗೆಯ ನಿತ್ಯ ಶುಚಿತ್ವ: ಸಗಣಿ-ಗಂಜಲ ತೆಗೆದು, ನೀರಿನಿಂದ ತೊಳೆದು, ನೆಲ ಒಣಗುವಂತೆ ಗಾಳಿ-ಬಿಸಿಲು ಬೀಳಲು ಬಿಡುವುದೇ ದಿನನಿತ್ಯಕ್ಕೆ ಸಾಕು. ಸಗಣಿ ಅಂಟಿದ ನೆಲದ ಮೇಲೆ ಸೋಂಕುನಿವಾರಕ ಸುರಿದರೆ ಅದು ಸಗಣಿಯೊಡನೆ ಕೂಡಿ ಶಕ್ತಿ ಕಳೆದುಕೊಳ್ಳುತ್ತದೆ, ಹಣವೂ ವ್ಯರ್ಥ.

ಜೈವಿಕ ಗೊಬ್ಬರ ಮತ್ತು ಜೀವಾಮೃತ: ಇವುಗಳಿಗೆ ಬಳಸುವ ಡ್ರಮ್, ಬಕೆಟ್ ಮತ್ತು ಸಿಂಪರಣಾ ಯಂತ್ರಗಳನ್ನು ಸೋಂಕುನಿವಾರಕದಿಂದ ತೊಳೆಯಬಾರದು. ತೊಳೆದಿದ್ದರೆ ಮೂರು-ನಾಲ್ಕು ಬಾರಿ ಶುದ್ಧ ನೀರಿನಲ್ಲಿ ಜಾಲಾಡಿಸಿ ಬಳಸಿ. ಕ್ಲೋರಿನ್ ಸೇರಿಸಿದ ನಲ್ಲಿ ನೀರನ್ನು ಅಗಲವಾದ ತೊಟ್ಟಿಯಲ್ಲಿ ಒಂದು ದಿನ ತೆರೆದಿಟ್ಟು ನಂತರ ಉಪಯೋಗಿಸಿ.

ಕೆಸರು ಗೊಬ್ಬರ: ಶೌಚಗುಂಡಿಯ ಹಸಿ ಕೆಸರನ್ನು ಜಮೀನಿಗೆ ನೇರವಾಗಿ ಹಾಕಬೇಡಿ. ಅದರಲ್ಲಿ ರೋಗಾಣುಗಳೂ ಜಂತುಹುಳುಗಳ ಮೊಟ್ಟೆಗಳೂ ಇರುತ್ತವೆ. ಸಂಸ್ಕರಿಸಿ, ಒಣಗಿಸಿ, ಕೃಷಿ ತ್ಯಾಜ್ಯದೊಡನೆ ಗಾಳಿಯಾಡುವಂತೆ ಕಾಂಪೋಸ್ಟ್ ಮಾಡಿದ ಗೊಬ್ಬರವನ್ನು ಮಾತ್ರ ಬಳಸಿ. ಗಾಳಿಯಾಡುವ ಕಾಂಪೋಸ್ಟ್ ಕ್ರಿಯೆಯು ಉಳಿದ ರಾಸಾಯನಿಕಗಳ ವಿಘಟನೆಗೂ ನೆರವಾಗುತ್ತದೆ. 2015ರಲ್ಲಿ ಆರಂಭವಾದ ದೇವನಹಳ್ಳಿಯ ಮಲ ಕೆಸರು ಸಂಸ್ಕರಣಾ ಘಟಕವು ಇದಕ್ಕೆ ನಮ್ಮ ರಾಜ್ಯದ ಒಂದು ಮಾದರಿ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆಗಳು

1. ಸಂದೇಶವನ್ನು ತಿಳಿಸುವಾಗ ಶುಚಿತ್ವದ ಮಹತ್ವ ಕುಗ್ಗದಂತೆ ಎಚ್ಚರ ವಹಿಸಿ. ‘ರಾಸಾಯನಿಕ ಸಾಬೂನು ಬೇಡ’ ಎಂಬ ಮಾತು ‘ಸಾಬೂನೇ ಬೇಡ’ ಎಂದು ಕೇಳಿಸಬಾರದು. ಶೌಚದ ನಂತರ, ಅಡುಗೆ ಮತ್ತು ಊಟಕ್ಕೆ ಮುನ್ನ, ಹಾಲು ಕರೆಯುವ ಮುನ್ನ ಹಾಗೂ ಕೀಟನಾಶಕ ಮುಟ್ಟಿದ ನಂತರ ಸಾಬೂನಿನಿಂದ ಕೈ ತೊಳೆಯುವುದನ್ನು ಮೊದಲು ಹೇಳಿ.
2. ಸ್ತ್ರೀಶಕ್ತಿ ಹಾಗೂ ಸ್ವಸಹಾಯ ಸಂಘಗಳ ಸಭೆಗಳಲ್ಲಿ ಸದಸ್ಯರೇ ಮನೆಯಿಂದ ತಂದ ಸಾಬೂನಿನ ಹೊದಿಕೆಗಳನ್ನು ಒಟ್ಟಿಗೆ ಓದಿಸಿ. ಸಾಬೂನು, ಫಿನಾಯಿಲ್ ತಯಾರಿಸಿ ಮಾರುವ ಸಂಘಗಳಿಗೆ ಈ ಮಾಹಿತಿ ವಿಶೇಷವಾಗಿ ಉಪಯುಕ್ತ.
3. ಜೈವಿಕ ಗೊಬ್ಬರದ ಪ್ರಾತ್ಯಕ್ಷಿಕೆ ನಡೆಸುವಾಗಲೇ ಬಚ್ಚಲ ನೀರಿನ ವಿಷಯವನ್ನೂ ಸೇರಿಸಿ. ಸೂಕ್ಷ್ಮಾಣುಗಳ ಬೆಲೆ ಅರಿತ ರೈತರಿಗೆ ಈ ಮಾತು ಬೇಗ ಮನದಟ್ಟಾಗುತ್ತದೆ.
4. ಬಚ್ಚಲು ಗುಂಡಿ ನಿರ್ಮಾಣಕ್ಕೆ ದೊರೆಯುವ ನೆರವಿನ ಬಗ್ಗೆ ಗ್ರಾಮ ಪಂಚಾಯಿತಿಯಿಂದ ಮಾಹಿತಿ ಪಡೆದು ಕುಟುಂಬಗಳಿಗೆ ತಿಳಿಸಿ.

ಉಪಸಂಹಾರ

ಮಣ್ಣಿನಲ್ಲಿರುವ ಕೋಟ್ಯಂತರ ಸೂಕ್ಷ್ಮಾಣುಗಳಲ್ಲಿ ರೋಗ ತರುವವು ಕೆಲವೇ. ಬೆಳೆಗೆ ಅನ್ನ ಒದಗಿಸುವವು ಅನೇಕ. ಕೆಲವನ್ನು ಕೊಲ್ಲುವ ಭರದಲ್ಲಿ ಅನೇಕವನ್ನು ಕಳೆದುಕೊಳ್ಳುವುದು ಬೇಸಾಯಗಾರನಿಗೆ ನಷ್ಟದ ವ್ಯವಹಾರ. ಒಂದು ಮನೆಯ ಬಚ್ಚಲಿನಿಂದ ಹೊರಡುವ ರಾಸಾಯನಿಕ ಅಲ್ಪವೆನಿಸಬಹುದು. ಆದರೆ ಅದು ದಿನವೂ, ಪ್ರತಿ ಮನೆಯಿಂದಲೂ ಹರಿಯುತ್ತದೆ. ಸಾಮಾನ್ಯ ಸಾಬೂನು, ಸಾಕಷ್ಟು ನೀರು, ಒಳ್ಳೆಯ ಬಿಸಿಲು ಇವು ನಮ್ಮ ಹಿರಿಯರು ಬಳಸಿದ ಸಾಧನಗಳು. ಇಂದಿನ ವಿಜ್ಞಾನವೂ ಮನೆಯ ನಿತ್ಯದ ಶುಚಿತ್ವಕ್ಕೆ ಇವೇ ಸಾಕೆಂದು ಹೇಳುತ್ತಿದೆ. ಹೆಚ್ಚಿನ ಮಾಹಿತಿಗೆ ನಿಮ್ಮ ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಿರಿ.